ಸ್ವಲ್ಪ ಅಡ್ಜಸ್ಟ್ ಮಾಡಿ: ಆ ‘ಸ್ವಲ್ಪ’ ಯಾರ ಖಾತೆಗೆ?

ಕನ್ನಡ ಗೊತ್ತಿಲ್ಲದೆ ಬೆಂಗಳೂರಿಗೆ ಬಂದವರು ಮೊದಮೊದಲು ಕಲಿಯುವ ವಾಕ್ಯಗಳಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬುದೂ ಒಂದು. ಮೂರೇ ಪದಗಳ ಈ ವಾಕ್ಯದಲ್ಲಿ ‘ಸ್ವಲ್ಪ’ ಸಂಸ್ಕೃತದಿಂದ ಬಂದದ್ದು, ‘ಅಡ್ಜಸ್ಟ್’ ಇಂಗ್ಲಿಷಿನಿಂದ ಬಂದದ್ದು, ‘ಮಾಡಿ’ ಮಾತ್ರ ಅಚ್ಚಗನ್ನಡ. ಆದರೂ ಇದು ಪೂರ್ತಿಯಾಗಿ ನಮ್ಮದೇ ವಾಕ್ಯ. ಇಂಗ್ಲಿಷಿನವರು ಆ ಪದವನ್ನು ಬಳಸುವಾಗ ಕಾರಿನ ಕನ್ನಡಿಯನ್ನೋ ಕುರ್ಚಿಯ ಎತ್ತರವನ್ನೋ ಅಡ್ಜಸ್ಟ್ ಮಾಡುತ್ತಾರೆ, ಇಲ್ಲವೇ ಕತ್ತಲೆಗೋ ಹೊಸ ಊರಿಗೋ ಅಡ್ಜಸ್ಟ್ ಆಗುತ್ತಾರೆ. ಏನನ್ನು ಅಥವಾ ಯಾವುದಕ್ಕೆ ಎಂದು ಹೇಳದಿದ್ದರೆ ಅವರಿಗೆ ಮಾತು ಅರ್ಧವಾಯಿತು ಅನ್ನಿಸುತ್ತದೆ. ನಮಗೆ ಹಾಗೆ ಅನ್ನಿಸುವುದೇ ಇಲ್ಲ. ಸರಿಹೋಗಬೇಕಾದದ್ದು ಕನ್ನಡಿಯೂ ಅಲ್ಲ, ಕುರ್ಚಿಯೂ ಅಲ್ಲ, ಮಾತನ್ನು ಕೇಳಿಸಿಕೊಂಡವರೇ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಈ ಪದ ಕನ್ನಡದಲ್ಲಿ ಬೇರು ಬಿಟ್ಟದ್ದು ನಮ್ಮ ಸಹಾಯಕ ಕ್ರಿಯಾಪದಗಳ ಬಲದಿಂದ ಎಂದು ನನಗೆ ಅನ್ನಿಸುತ್ತದೆ. ಹಾಸ್ಟೆಲ್ ಸೇರಿದ ಮಗ ಒಂದೆರಡು ತಿಂಗಳಲ್ಲಿ ‘ಅಡ್ಜಸ್ಟ್ ಆಗುತ್ತಾನೆ’. ಅಲ್ಲಿ ಯಾರೂ ಯಾರನ್ನೂ ಒತ್ತಾಯಿಸಿಲ್ಲ, ಕಾಲ ತನ್ನ ಕೆಲಸ ಮಾಡಿದೆ. ಗ್ಯಾರೇಜಿನ ಹುಡುಗ ಬ್ರೇಕ್ ‘ಅಡ್ಜಸ್ಟ್ ಮಾಡುತ್ತಾನೆ’. ಅಲ್ಲಿ ಬದಲಾಗುವುದು ಒಂದು ವಸ್ತು. ‘ಒಂದೈದು ಸಾವಿರ ಅಡ್ಜಸ್ಟ್ ಮಾಡಿಕೊಡಿ ಸಾರ್, ಒಂದನೇ ತಾರೀಖು ತಂದುಕೊಡ್ತೀನಿ’ ಎಂದು ಕೇಳುವವನು ಬೇಡುತ್ತಿರುವುದು ಉಪಕಾರವನ್ನು. ‘ಕೊಡು’ ಸೇರಿದ ಕೂಡಲೇ ಮಾಡಿದ್ದರ ಫಲ ಇನ್ನೊಬ್ಬರಿಗೆ ಹೋಗುತ್ತದೆ. ಕೊನೆಯದು ‘ಅಡ್ಜಸ್ಟ್ ಮಾಡಿಕೊಳ್ಳು’. ‘ಕೊಳ್ಳು’ ಸಾಮಾನ್ಯವಾಗಿ ಫಲವನ್ನು ಮಾಡಿದವರ ಕಡೆಗೇ ತರುವ ಕ್ರಿಯೆ: ಮನೆ ಕಟ್ಟಿಕೊಂಡರು, ಬುತ್ತಿ ತೆಗೆದುಕೊಂಡರು, ವಿಳಾಸ ಬರೆದುಕೊಂಡರು. ಆದರೆ ‘ಅಡ್ಜಸ್ಟ್ ಮಾಡಿಕೊಂಡರು’ ಎನ್ನುವಾಗ ಅವರ ಕಡೆಗೆ ಬಂದದ್ದು ಲಾಭವಲ್ಲ, ಭಾರ. ವ್ಯಾಕರಣದಲ್ಲಿ ಇಷ್ಟು ಚಿಕ್ಕದಾಗಿ ಕಾಣುವ ಈ ವ್ಯತ್ಯಾಸದ ಮೇಲೆ ನಮ್ಮ ಮನೆ, ಕಚೇರಿ, ಊರುಗಳ ಎಷ್ಟೋ ವ್ಯವಹಾರ ನಿಂತಿದೆ, ಮತ್ತು ಈ ಬರಹದ ಕಾಳಜಿಯೂ ಅದೇ.

ಪದ ತನ್ನ ಅತ್ಯಂತ ಒಳ್ಳೆಯ ರೂಪದಲ್ಲಿ ಕಾಣಿಸಿಕೊಳ್ಳುವುದು ಕೆಂಪು ಬಸ್ಸಿನಲ್ಲಿ. ಮೂವರ ಸೀಟಿನಲ್ಲಿ ಮೂವರು ಕುಳಿತಿದ್ದಾರೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದ ಒಬ್ಬರು ಹತ್ತುತ್ತಾರೆ. ‘ಒಂಚೂರು ಅಡ್ಜಸ್ಟ್ ಮಾಡ್ಕೊಳ್ರಮ್ಮ’ ಎನ್ನುತ್ತಾರೆ. ಕಿಟಕಿಯ ಪಕ್ಕದವರು ಭುಜವನ್ನು ಗಾಜಿಗೆ ಒತ್ತುತ್ತಾರೆ, ನಡುವಿನವರು ಸೀಟಿನ ಅಂಚಿಗೆ ಮುಂದೆ ಬಂದು ಕೂರುತ್ತಾರೆ, ತುದಿಯವರು ಒಂದು ಕಾಲನ್ನು ಓಣಿಗೆ ಚಾಚುತ್ತಾರೆ, ಯಾರೋ ಕೇಳದೆಯೇ ಚೀಲವನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಮುಂದಿನ ಊರು ಬರುವಷ್ಟರಲ್ಲಿ ಮಗು ಎರಡನೆಯವರ ತೊಡೆಯ ಮೇಲಿರುತ್ತದೆ, ಯಾವ ಊರಿನವರು, ಮಗುವಿಗೆ ಹಲ್ಲು ಬಂತೇ ಎಂಬಲ್ಲಿಗೆ ಮಾತು ಮುಟ್ಟಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಈ ದೃಶ್ಯ ಇನ್ನಷ್ಟು ಸಾಮಾನ್ಯವಾಗಿದೆ. ಇದು ನ್ಯಾಯವಾಗಿ ನಡೆಯುವುದಕ್ಕೆ ಕಾರಣಗಳಿವೆ. ಕೇಳುವವರು ಎದುರಿಗೇ ಇದ್ದಾರೆ, ಅವರ ಕಷ್ಟ ಕಣ್ಣಿಗೆ ಕಾಣುತ್ತಿದೆ. ಸರಿಯುವವರು ಒಬ್ಬರಲ್ಲ, ಮೂವರೂ ಸರಿಯುತ್ತಾರೆ. ಎಷ್ಟು ಹೊತ್ತು ಎಂಬುದು ಎಲ್ಲರಿಗೂ ತಿಳಿದಿದೆ. ಇಂದು ಕುಳಿತವರು ನಾಳೆ ನಿಂತು ಇದೇ ಮಾತನ್ನು ಕೇಳುವವರಾಗುತ್ತಾರೆ.

ಅದೇ ಬಸ್ಸಿನ ಕಂಡಕ್ಟರಿಗೂ ಈ ಪದ ಬೇಕು. ಚಿಲ್ಲರೆ ಇಲ್ಲದಾಗ ಅವರು ಕೊಡಬೇಕಾದ ಮೊತ್ತವನ್ನು ಟಿಕೆಟ್ಟಿನ ಹಿಂದೆ ಬರೆದು ಒಂದು ಸುತ್ತು ಹಾಕುತ್ತಾರೆ. ಇಳಿಯುವ ಹೊತ್ತಿಗೂ ಚಿಲ್ಲರೆ ಕೂಡದಿದ್ದರೆ ಪರಿಚಯವೇ ಇಲ್ಲದ ಇಬ್ಬರು ಪ್ರಯಾಣಿಕರ ಕೈಗೆ ಒಂದೇ ನೋಟು ಇಟ್ಟು, ‘ಇಬ್ರೂ ಇಳಿದು ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಬಾಗಿಲು ಮುಚ್ಚಿಸಿ ರೈಟ್ ಹೇಳುತ್ತಾರೆ. ಆ ಇಬ್ಬರು ನಿಲ್ದಾಣದ ಅಂಗಡಿಯಲ್ಲಿ ಬಾಳೆಹಣ್ಣನ್ನೋ ಬಿಸ್ಕತ್ತನ್ನೋ ಕೊಂಡು ನೋಟು ಮುರಿಸಿ ಪಾಲು ಮಾಡಿಕೊಳ್ಳಬೇಕು. ಯುಪಿಐ ಬಂದ ಮೇಲೆ ಈ ಪದ್ಧತಿ ಅಪರೂಪವಾಗುತ್ತಿದೆ. ಕಂಡಕ್ಟರ್ ಮತ್ತು ಒಬ್ಬ ಪ್ರಯಾಣಿಕನ ನಡುವೆ ಇದ್ದ ಬಾಕಿ, ಈ ಒಂದು ಮಾತಿನಿಂದ, ಇಬ್ಬರು ಅಪರಿಚಿತರ ನಡುವಿನ ಬಾಕಿಯಾಗಿ ಬದಲಾಗುತ್ತಿತ್ತು ಎಂಬುದು ಮಾತ್ರ ಗಮನಿಸಬೇಕಾದ ಸಂಗತಿ. ಬಾಕಿ ಕರಗುವುದಿಲ್ಲ, ಅದನ್ನು ಹೊರುವವರು ಬದಲಾಗುತ್ತಾರೆ.

ಉಳಿದ ಬಳಕೆಗಳು ಹಲವು. ಮನೆ ಖಾಲಿ ಮಾಡುವ ಬಾಡಿಗೆದಾರ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಲು ಹೇಳುತ್ತಾನೆ. ಒಳಗೊಳಗೇ ಒಂದಾದ ಎದುರಾಳಿಗಳ ರಾಜಕಾರಣಕ್ಕೆ ಕರ್ನಾಟಕದಲ್ಲಿ ‘ಅಡ್ಜಸ್ಟ್‌ಮೆಂಟ್ ರಾಜಕಾರಣ’ ಎಂದೇ ಹೆಸರು, ಮತ್ತು ಅದು ಬೈಗುಳ. ಅದೇ ಕೆಲಸವನ್ನು ಬಹಿರಂಗವಾಗಿ ಮಾಡಿದರೆ ‘ಸೀಟು ಹೊಂದಾಣಿಕೆ’ ಎಂಬ ಗೌರವದ ಹೆಸರು. ವಿಶ್ವಬ್ಯಾಂಕ್ 1980ರಲ್ಲಿ ಆರಂಭಿಸಿದ, 1991ರ ಬಿಕ್ಕಟ್ಟಿನ ಕಾಲಕ್ಕೆ ಭಾರತಕ್ಕೂ ಬಂದ ಸಾಲಗಳ ಹೆಸರಿನಲ್ಲೂ ‘ರಚನಾತ್ಮಕ ಹೊಂದಾಣಿಕೆ’ ಇತ್ತು. ಆ ಹೊಂದಾಣಿಕೆಯ ಕಾಲದಲ್ಲಿ ಸರ್ಕಾರ ತನ್ನ ಖರ್ಚು ಕಡಿಮೆ ಮಾಡಿದಾಗ ಗೊಬ್ಬರದ ಬೆಲೆ ಏರಿದ್ದು ರೈತನಿಗೆ ತಿಳಿಯಿತು. ಆ ಹೆಸರು ಅವನ ಕಿವಿಗೆ ಬಿದ್ದಿರಲಾರದು.

ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನ ಮೂಲಕ. ಮೂಲದಲ್ಲಿ ಲ್ಯಾಟಿನ್ನಿನ ‘ಯುಕ್ಸ್ತಾ’ ಇದೆ, ಅಂದರೆ ಹತ್ತಿರ, ಪಕ್ಕದಲ್ಲಿ. ಹತ್ತಿರಕ್ಕೆ ತರುವುದು, ಜೋಡಿಸುವುದು ಎಂಬುದು ಪದದ ಹಳೆಯ ಅರ್ಥ. ಕುದುರೆ ಸವಾರರು ಈಟಿ ಹಿಡಿದು ಎದುರೆದುರು ನುಗ್ಗುವ ‘ಜೌಸ್ಟ್’ ಕೂಡ, ಜನಸಂದಣಿಯಲ್ಲಿ ಒಬ್ಬರನ್ನೊಬ್ಬರು ನೂಕುವ ‘ಜಾಸಲ್’ ಕೂಡ ಇದೇ ಬೇರಿನವು. ಬಸ್ಸಿನ ಬಾಗಿಲಲ್ಲಿ ನಡೆಯುವ ನೂಕಾಟವೂ ಸೀಟಿನಲ್ಲಿ ನಡೆಯುವ ಹೊಂದಾಣಿಕೆಯೂ ಪದಗಳ ವಂಶಾವಳಿಯಲ್ಲಿ ಒಡಹುಟ್ಟುಗಳು. ಜನ ಹತ್ತಿರ ಬಂದಾಗ ಆಗುವುದು ಈ ಎರಡರಲ್ಲಿ ಒಂದು. ಇನ್ನೂ ಕುತೂಹಲದ ವಿಷಯವೆಂದರೆ, ಕಾಲಾಂತರದಲ್ಲಿ ಬಳಸುವವರು ಇದನ್ನು ನ್ಯಾಯ ಎಂಬರ್ಥದ ‘ಯುಸ್ತುಸ್’ ಎಂಬ ಲ್ಯಾಟಿನ್ ಪದದಿಂದ ಬಂದದ್ದೆಂದು ಭಾವಿಸಿದರು. ಪದಮೂಲದ ದೃಷ್ಟಿಯಿಂದ ಅದು ಸರಿಯಲ್ಲ. ಆದರೆ ಆ ಭಾವನೆಯ ನೆರಳು ಪದದ ಮೇಲೆ ಬಿದ್ದು, ಇಂಗ್ಲಿಷಿನ ಒಂದು ವೃತ್ತಿಯಲ್ಲಿ ಅದು ನಿಜವಾಗಿಯೂ ನ್ಯಾಯದ ಕೆಲಸ ಮಾಡುತ್ತದೆ.

ಸಾಗರ ವಿಮೆಯ ಪಾಠ ಓದಿದ ವಾಣಿಜ್ಯದ ವಿದ್ಯಾರ್ಥಿಗಳಿಗೆ ‘ಜನರಲ್ ಆವರೇಜ್’ ಎಂಬ ತತ್ವ ನೆನಪಿರಬಹುದು. ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗುವಂತಾದಾಗ, ಭಾರ ಇಳಿಸಲು ಕ್ಯಾಪ್ಟನ್ ಕೆಲವು ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಎಸೆದದ್ದು ಒಬ್ಬ ವರ್ತಕನ ಸರಕು, ಉಳಿದದ್ದು ಎಲ್ಲರ ಸರಕು ಮತ್ತು ಹಡಗು. ಹಾಗಾದರೆ ಆ ಒಬ್ಬ ವರ್ತಕ ಏಕೆ ನಷ್ಟ ಹೊರಬೇಕು? ಎಸೆದದ್ದರಿಂದ ಉಳಿದುಕೊಂಡವರೆಲ್ಲರೂ, ಹಡಗಿನ ಮಾಲೀಕನೂ ಸೇರಿ, ತಮ್ಮ ತಮ್ಮ ಉಳಿದ ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಆ ನಷ್ಟವನ್ನು ಹಂಚಿಕೊಳ್ಳಬೇಕು ಎಂಬುದು ನಿಯಮ. ರೋಮನ್ನರ ಕಾನೂನು ಸಂಗ್ರಹದಲ್ಲಿ ಇದಕ್ಕೆ ರೋಡ್ಸ್ ದ್ವೀಪದ ಹೆಸರಿದೆ. ಇಂದಿನ ಹಡಗು ವ್ಯಾಪಾರದಲ್ಲಿ ಇದು ಯಾರ್ಕ್-ಆಂಟ್ವರ್ಪ್ ನಿಯಮಗಳೆಂದು ನಡೆಯುತ್ತಿದೆ. ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕುವವರ ವೃತ್ತಿನಾಮ ‘ಆವರೇಜ್ ಅಡ್ಜಸ್ಟರ್’. ಲಂಡನ್ನಿನಲ್ಲಿ ಅವರ ಸಂಘ ಹುಟ್ಟಿದ್ದು 1869ರಲ್ಲಿ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು 29ರಂದು ಬಿಡುಗಡೆಯಾಯಿತಲ್ಲ, ಅದರ 25 ಸಿಬ್ಬಂದಿಯೂ ಭಾರತೀಯರು. ಆಗ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗನ್ನು ಬಿಡಿಸಲು ತಗಲಿದ ಅಸಾಧಾರಣ ಖರ್ಚಿನಲ್ಲಿ ತಮ್ಮ ಪಾಲು ಕೊಡುವ ಭರವಸೆಪತ್ರ ನೀಡಿದ ಮೇಲೆಯೇ ಸರಕಿನ ಒಡೆಯರಿಗೆ ಅವರ ಕಂಟೇನರ್ ಸಿಗುವ ವ್ಯವಸ್ಥೆ ಅದು. ಅಲ್ಲಿಯೂ ಎಲ್ಲರೂ ‘ಸ್ವಲ್ಪ ಅಡ್ಜಸ್ಟ್’ ಮಾಡಿಕೊಂಡರು. ಆದರೆ ಆ ಸ್ವಲ್ಪ ಎಷ್ಟು ಎಂಬುದನ್ನು ಒಬ್ಬರು ಕುಳಿತು ಬರೆದರು.

ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸವಾದ್ದರಿಂದ, ಬರೆಯುವುದಕ್ಕೂ ಈ ಪದಕ್ಕೂ ಇರುವ ನಂಟು ನನಗೆ ದಿನನಿತ್ಯದ್ದು. ಅಂತಿಮ ಖಾತೆಗಳ ಲೆಕ್ಕದಲ್ಲಿ ಟ್ರಯಲ್ ಬ್ಯಾಲೆನ್ಸಿನ, ಅಂದರೆ ಎಲ್ಲ ಖಾತೆಗಳ ಶಿಲ್ಕುಗಳ ಪಟ್ಟಿಯ, ಕೆಳಗೆ ‘ಹೊಂದಾಣಿಕೆಗಳು’ ಎಂದು ಕೆಲವು ಸಾಲುಗಳಿರುತ್ತವೆ. ಮಕ್ಕಳು ತಪ್ಪುವುದೆಲ್ಲ ಅಲ್ಲೇ. ನಿಯಮ ಸರಳ: ಟ್ರಯಲ್ ಬ್ಯಾಲೆನ್ಸಿನ ಒಳಗಿರುವ ಅಂಶ ಒಂದೇ ಕಡೆ ಬರುತ್ತದೆ, ಕೆಳಗೆ ಕೊಟ್ಟ ಹೊಂದಾಣಿಕೆ ಎರಡು ಕಡೆ ಬರಲೇಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ₹12,000 ಸಂಬಳ ಕೊಡುವುದು ಬಾಕಿ ಇದೆ ಎನ್ನಿ. ಅದನ್ನು ಲಾಭ ನಷ್ಟ ಖಾತೆಯಲ್ಲಿ ಸಂಬಳಕ್ಕೆ ಕೂಡಿಸಬೇಕು. ಅಷ್ಟಕ್ಕೆ ಬಿಟ್ಟರೆ ಬ್ಯಾಲೆನ್ಸ್ ಶೀಟ್ ಕೂಡುವುದಿಲ್ಲ, ಅಲ್ಲಿ ಜವಾಬ್ದಾರಿಗಳ, ಅಂದರೆ ಕೊಡಬೇಕಾದ ಬಾಕಿಗಳ, ಕಡೆಗೂ ಅದೇ ₹12,000 ತೋರಿಸಬೇಕು. ಖರ್ಚು ಎಂದು ಬರೆದವರು ಯಾರಿಗೆ ಕೊಡಬೇಕಾಗಿದೆ ಎಂಬುದನ್ನೂ ಬರೆಯಬೇಕು ಎಂಬುದೇ ಇದರ ತಾತ್ಪರ್ಯ. ಕೆಲಸಗಾರ ಒಂದು ತಿಂಗಳು ಸಂಬಳವಿಲ್ಲದೆ ಸುಧಾರಿಸಿಕೊಂಡಿದ್ದಾನೆ. ಪುಸ್ತಕ ಅದನ್ನು ಮರೆಯುವುದಿಲ್ಲ. ಬಾಯಿಮಾತಿನ ಅಡ್ಜಸ್ಟ್‌ಗೆ ಈ ಎರಡನೆಯ ನಮೂದು ಇರುವುದಿಲ್ಲ. ಕೇಳಿದವರಿಗೆ ಕೆಲಸವಾಯಿತು, ಮಾಡಿಕೊಂಡವರಿಗೆ ಏನು ಹೋಯಿತು ಎಂಬುದು ಎಲ್ಲಿಯೂ ದಾಖಲಾಗದೆ ಉಳಿಯಿತು.

ದಾಖಲಾದರೆ ಏನಾಗುತ್ತದೆ ಎಂಬುದನ್ನು ಬಹುತೇಕ ಶಾಲೆ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ನೋಡಬಹುದು. ಉಪನ್ಯಾಸಕರೊಬ್ಬರು ರಜೆ ಹಾಕಿದ ದಿನ ಅವರ ತರಗತಿಗೆ ಇನ್ನೊಬ್ಬರು ಹೋಗಬೇಕು. ಅದಕ್ಕೆ ‘ಅಡ್ಜಸ್ಟ್‌ಮೆಂಟ್ ಪೀರಿಯಡ್’ ಎನ್ನುತ್ತೇವೆ. ನಾನು ಕಂಡಿರುವ ಅಡ್ಜಸ್ಟ್‌ಮೆಂಟ್ ಪುಸ್ತಕ ಉದ್ದನೆಯ ಗೆರೆ ನೋಟ್‌ಬುಕ್ಕು, ಸ್ಕೇಲಿನಿಂದ ಎಳೆದ ಕಾಲಂಗಳು: ದಿನಾಂಕ, ರಜೆಯ ಮೇಲಿರುವವರು, ಪೀರಿಯಡ್, ತರಗತಿ, ಬದಲಿಗೆ ಹೋಗುವವರು, ಸಹಿ. ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅಟೆಂಡರ್ ಅದನ್ನು ಬಗಲಲ್ಲಿ ಇಟ್ಟುಕೊಂಡು ಒಂದೊಂದೇ ಮೇಜಿಗೆ ಬರುತ್ತಾರೆ. ಹೆಸರು ಕಂಡವರಿಗೆ ಬೇಸರವಾಗುವುದು ಸಹಜ, ಬಿಡುವಿನ ಅವಧಿ ಹೋಯಿತಲ್ಲ. ಆದರೆ ಬೇಸರವಾದವರು ಹಿಂದಿನ ಹಾಳೆಗಳನ್ನು ತಿರುವಿಹಾಕಿ, ‘ಹೋದ ವಾರ ನನಗೇ ಎರಡು ಬಂದಿದೆ ನೋಡಿ ಸಾರ್, ಈ ಸಲ ಬೇರೆಯವರಿಗೆ ಹಾಕಿ’ ಎಂದು ಹೇಳಬಹುದು. ಹೇಳಿದರೆ ಪ್ರಾಂಶುಪಾಲರು ಒಪ್ಪಲೇಬೇಕು, ಏಕೆಂದರೆ ಅದು ಅವರದೇ ಅಕ್ಷರದಲ್ಲಿದೆ. ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕರ ಮೇಲೆಯೇ ಎಲ್ಲ ಪೀರಿಯಡ್ ಬೀಳುತ್ತಿದ್ದರೆ ಅದೂ ಆ ಪುಸ್ತಕದಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ. ಅಡ್ಜಸ್ಟ್ ಎಂಬ ಮಾತಿಗೆ ಕಾಲಂ ಎಳೆದು ಸಹಿ ಹಾಕಿಸಿಕೊಳ್ಳುವ ಜಾಗ ಇದೊಂದೇ ಇರಬೇಕು, ಮತ್ತು ಇಲ್ಲಿ ಇದರಿಂದ ಮನಸ್ತಾಪ ಹುಟ್ಟುವುದಕ್ಕಿಂತ ಬಗೆಹರಿದದ್ದೇ ಹೆಚ್ಚು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮನೆಯಲ್ಲಿ ಅಂಥ ಪುಸ್ತಕವಿಲ್ಲ. ಮದುವೆಯಾಗಿ ಹೊರಟ ಹುಡುಗಿಗೆ ಸೋದರತ್ತೆ, ದೊಡ್ಡಮ್ಮ, ನೆರೆಮನೆಯ ಅಜ್ಜಿ ಎಲ್ಲರೂ ಹೇಳುವ ಮಾತು ಒಂದೇ: ‘ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’. ಈ ಇಂಗ್ಲಿಷ್ ಪದ ಬರುವುದಕ್ಕೆ ಮುಂಚೆ ಅದೇ ಜಾಗದಲ್ಲಿ ‘ಅನುಸರಿಸಿಕೊಂಡು ಹೋಗು’ ಇತ್ತು, ಈಗಲೂ ಇದೆ. ಕನ್ನಡದಲ್ಲಿ ಈ ಆಸುಪಾಸಿನ ಕ್ರಿಯಾಪದಗಳು ಬಹಳ ಸೂಕ್ಷ್ಮವಾಗಿವೆ. ‘ಒಗ್ಗುವುದು’ ದೇಹದ್ದು, ನೀರು ಒಗ್ಗುತ್ತದೆ, ಹವೆ ಒಗ್ಗುತ್ತದೆ, ಒಗ್ಗದಿದ್ದರೆ ನೆಗಡಿ ಹೇಳುತ್ತದೆ. ‘ಹೊಂದುವುದಕ್ಕೆ’ ಎರಡು ಬೇಕು. ಇದು ಅದಕ್ಕೆ ಹೊಂದುವಷ್ಟೇ ಅದು ಇದಕ್ಕೆ ಹೊಂದಬೇಕು. ‘ಅನುಸರಿಸುವುದು’ ಹಾಗಲ್ಲ, ಅಲ್ಲಿ ಒಬ್ಬರು ಮುಂದೆ ನಡೆಯುತ್ತಾರೆ, ಇನ್ನೊಬ್ಬರು ಹಿಂದೆ ಬರುತ್ತಾರೆ, ಯಾರು ಮುಂದೆ ಎಂಬುದು ಮೊದಲೇ ತೀರ್ಮಾನವಾಗಿದೆ. ಅಡ್ಜಸ್ಟ್ ಎಂಬ ಪದ ಈ ಮೂರನ್ನೂ ಒಂದೇ ಹೊದಿಕೆಯೊಳಗೆ ಸೇರಿಸಿಬಿಟ್ಟಿತು. ಸಾರಿಗೆ ಹಾಕುವ ಹುಳಿಯ ಪ್ರಮಾಣದಿಂದ ಹಿಡಿದು ಕೆಲಸ ಬಿಡುವುದು, ಹೆರಿಗೆಯ ನಂತರ ಯಾರ ಮನೆಯಲ್ಲಿ ಎಷ್ಟು ದಿನ, ತವರಿಗೆ ಹಣ ಕಳಿಸಬಹುದೇ ಎಂಬುದರವರೆಗೆ ಎಲ್ಲಕ್ಕೂ ಈಗ ಅದೊಂದೇ ಪದ, ಜೊತೆಗೆ ಅದೊಂದೇ ‘ಸ್ವಲ್ಪ’. ಹುಳಿ ಸ್ವಲ್ಪವೇ ಸರಿ. ಹತ್ತು ವರ್ಷ ಓದಿ ಪಡೆದ ಕೆಲಸವನ್ನು ಬಿಡುವುದು ಸ್ವಲ್ಪವಲ್ಲ.

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ಇದಕ್ಕೆ ಸಮಾಧಾನ ಹೇಳುತ್ತದೆ. ಬಸ್ಸಿನ ಸೀಟಿನ ಹಾಗೆ ಇಲ್ಲಿಯೂ ಸರದಿ ಇದೆ, ಇಂದು ಸರಿದವಳು ನಾಳೆ ಕೇಳುವವಳಾಗುತ್ತಾಳೆ ಎಂಬುದು ಅದರ ಆಶ್ವಾಸನೆ. ಆದರೆ ಆ ಸರದಿ ಬರುವುದಕ್ಕೆ ಒಂದು ತಲೆಮಾರು ಬೇಕು, ಮತ್ತು ಬಂದಾಗ ಅದನ್ನು ತೀರಿಸುವವಳು ಬಾಕಿ ಇಟ್ಟುಕೊಂಡವರಲ್ಲ, ಆಗಷ್ಟೇ ಮನೆಗೆ ಬಂದ ಇನ್ನೊಬ್ಬ ಹುಡುಗಿ. ಆ ಲೆಕ್ಕದಲ್ಲಿ ಗಂಡಸರ ಹೆಸರೇ ಇಲ್ಲದಿರುವುದನ್ನು ಗಾದೆ ಹೇಳುವಾಗ ನಾವು ಗಮನಿಸುವುದಿಲ್ಲ.

ಈ ಪದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನೆರೆಯ ಕೇರಳದ ಒಂದು ದಾಖಲೆ ಇದೆ. ಮಲಯಾಳ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿ ಅರಿಯಲು ಅಲ್ಲಿನ ಸರ್ಕಾರ 2017ರಲ್ಲಿ ನ್ಯಾಯಮೂರ್ತಿ ಕೆ. ಹೇಮಾ ಅವರ ಸಮಿತಿಯನ್ನು ರಚಿಸಿತು. 2019ರ ಕೊನೆಗೆ ಸಲ್ಲಿಕೆಯಾದ ವರದಿ ಸಾರ್ವಜನಿಕರಿಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಅವಕಾಶ ಕೇಳಿಕೊಂಡು ಬಂದ ಹೆಣ್ಣುಮಕ್ಕಳ ಮುಂದೆ ಲೈಂಗಿಕ ಬೇಡಿಕೆ ಇಡುವುದಕ್ಕೆ ಅಲ್ಲಿ ರೂಢಿಯಲ್ಲಿದ್ದ ಎರಡು ಪದಗಳನ್ನು ಆ ವರದಿ ಹೆಸರಿಸುತ್ತದೆ: ‘ಕಾಂಪ್ರಮೈಸ್’ ಮತ್ತು ‘ಅಡ್ಜಸ್ಟ್‌ಮೆಂಟ್’. ಹೀನ ಬೇಡಿಕೆಗೆ ಇಷ್ಟು ಸಭ್ಯವಾದ ಪದ ಹೇಗೆ ಒದಗಿತು ಎಂದು ಯೋಚಿಸಿದರೆ, ಅದು ಹೊಸದಾಗಿ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ಏನನ್ನು ಎಂದು ಹೇಳದೆ, ಕೇಳಿಸಿಕೊಂಡವರೇ ಅರ್ಥಮಾಡಿಕೊಂಡು ತಮ್ಮ ಮೇಲೆ ಹಾಕಿಕೊಳ್ಳಲಿ ಎಂದು ಬಿಡುವ ಗುಣ ಆ ಪದಕ್ಕೆ ನಮ್ಮ ಬಳಕೆಯಿಂದಲೇ ಬಂದಿತ್ತು.

ಹಾಗೆಂದು ಯಾರೂ ಯಾರಿಗೂ ಸರಿಯದೆ ಬದುಕಬಹುದೆಂದು ನಾನು ವಾದಿಸುವುದಿಲ್ಲ. ನಮ್ಮ ಊರುಗಳು ನಡೆಯುವುದೇ ಜನ ಒಬ್ಬರಿಗೊಬ್ಬರು ಸರಿಯುವುದರಿಂದ. ಮಳೆ ಬಂದಾಗ ಅಂಗಡಿಯ ಮುಂಗಟ್ಟಿನಡಿ ಗುರುತಿಲ್ಲದವರಿಗೂ ಜಾಗ ಸಿಗುವುದು, ಮದುವೆಮನೆಯ ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕುವುದು ನಮ್ಮಲ್ಲಿ ಉಳಿದಿರುವ ದೊಡ್ಡ ಸಂಪತ್ತು ಎಂದೇ ನಾನು ತಿಳಿದಿದ್ದೇನೆ. ನನ್ನ ತಕರಾರು ಇರುವುದು ಸಂಸ್ಥೆಗಳು ಈ ಪದವನ್ನು ಬಳಸುವಾಗ. ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಒಂದೇ ಮಂಚದ ಮೇಲೆ ಇಬ್ಬರು ಬಾಣಂತಿಯರನ್ನು ಮಲಗಿಸಿ, ‘ಇವತ್ತೊಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಮ್ಮ’ ಎಂದು ಸಿಬ್ಬಂದಿ ಹೇಳಿದ್ದನ್ನು ಕೇಳಿದ್ದೇನೆ. ಹೇಳಿದ ಆ ನರ್ಸ್ ತಪ್ಪಿತಸ್ಥರಲ್ಲ, ಅವರ ಬಳಿ ಇದ್ದದ್ದೇ ಅಷ್ಟು ಮಂಚ. ಆದರೆ ಬಸ್ಸಿನಲ್ಲಿ ಕೇಳುವವರೂ ಕೊಡುವವರೂ ನಾಳೆ ಜಾಗ ಬದಲಿಸಬಲ್ಲರು. ಮಂಚ ಕೊಳ್ಳಬೇಕಾದ ಕಚೇರಿಗೆ ಬಾಣಂತಿ ಎಂದಾದರೂ ತಿರುಗಿ ‘ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನಲು ಸಾಧ್ಯವೇ? ಸರದಿ ಇಲ್ಲದ ಕಡೆ ಈ ಪದವನ್ನು ಬಳಸಿದರೆ ಅದು ವಿನಂತಿಯಲ್ಲ. ಅಲ್ಲಿ ಹೇಳಬೇಕಾದದ್ದು ‘ನಮ್ಮಲ್ಲಿ ಇಲ್ಲ, ಇಷ್ಟು ದಿನದಲ್ಲಿ ಮಾಡಿಕೊಡುತ್ತೇವೆ’ ಎಂಬ ಮಾತು.

ಈಚೆಗೆ ನೆಂಟರ ಮನೆಯ ಮದುವೆ ಮಾತುಕತೆಯಲ್ಲಿ ಈ ಪದಕ್ಕೆ ಬಂದ ಉತ್ತರವೊಂದು ನನಗೆ ಬಹಳ ಹಿಡಿಸಿತು. ಹುಡುಗಿಯ ಕೆಲಸ ಹುಬ್ಬಳ್ಳಿಯಲ್ಲಿ, ಹುಡುಗನದು ಬೆಂಗಳೂರಿನಲ್ಲಿ. ಹುಡುಗನ ಚಿಕ್ಕಪ್ಪ, ‘ಮೊದಮೊದಲು ಹೆಣ್ಣುಮಕ್ಕಳು ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ’ ಎಂದರು. ಹುಡುಗಿ ಸಿಟ್ಟಾಗಲಿಲ್ಲ. ‘ಆಗಲಿ ಮಾವ, ಯಾವುದಕ್ಕೆ, ಎಷ್ಟು ದಿನ ಅಂತ ಈಗಲೇ ಮಾತಾಡಿಬಿಡೋಣ. ನಾನು ಎರಡು ವರ್ಷ ಬಿಟ್ಟು ವರ್ಗಾವಣೆ ಕೇಳಬಹುದು. ಅಲ್ಲಿಯವರೆಗೆ ಇವರು ವಾರಕ್ಕೊಮ್ಮೆ ಬರಬೇಕಾಗುತ್ತೆ. ಮಗು ಆದಮೇಲೆ ಯಾರು ರಜೆ ಹಾಕೋದು ಅಂತಲೂ ಹೇಳಿಬಿಡಲಿ’ ಎಂದಳು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ತಾಯಿಯೇ, ‘ನಾನು ಬಿಟ್ಟ ಕೆಲಸ ಬಿಟ್ಟೇ ಹೋಯಿತು, ಇವಳು ಕೇಳಿದ್ದು ಸರಿಯಾಗಿದೆ’ ಎಂದು ಮಗನ ಕಡೆ ತಿರುಗಿದರು. ಹುಡುಗ ಫೋನು ತೆಗೆದು ಬೆಂಗಳೂರು–ಹುಬ್ಬಳ್ಳಿ ರೈಲುಗಳ ವೇಳೆ ನೋಡತೊಡಗಿದ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕಚೇರಿಗೆ ಮುಟ್ಟಬಹುದೇ ಎಂದು ಅವನೂ ಚಿಕ್ಕಪ್ಪನೂ ಸೇರಿ ಲೆಕ್ಕ ಹಾಕಿದರು, ಟಿಕೆಟ್ಟಿನ ಖರ್ಚು ಇಬ್ಬರ ಸಂಬಳದಿಂದಲೂ ಅರ್ಧರ್ಧ ಎಂಬುದೂ ಆಗಲೇ ತೀರ್ಮಾನವಾಯಿತು.